ಶ್ರಾವಣಕ್ಕೊಮ್ಮೆ ಓಡುವ ಕುದುರೆ

ಮಿಶಿಗನ್ ರಾಜ್ಯದ ವಾಹನ ಕಾನೂನು ಬರೆದವರಲ್ಲಿ ಯಾರೋ ಒಬ್ಬರ ಕೈಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದ್ದಿರಬೇಕು. 26 ವರ್ಷ ದಾಟಿದ ಕಾರಿಗೆ ಇಲ್ಲಿ ‘ಹಿಸ್ಟಾರಿಕ್’ ಅಂತ ಬೇರೆಯೇ ನಂಬರ್ ಪ್ಲೇಟ್ ಸಿಗುತ್ತದೆ. ಅದನ್ನು ಹಾಕಿಕೊಂಡ ಕಾರು ಮೆರವಣಿಗೆಗೆ ಹೋಗಬಹುದು, ಪ್ರದರ್ಶನದಲ್ಲಿ ನಿಲ್ಲಬಹುದು, ಕ್ಲಬ್ಬಿನವರ ಕೂಟಕ್ಕೆ ಹೋಗಿಬರಬಹುದು. ಹಾಲು ತರುವುದಕ್ಕೆ, ಆಫೀಸಿಗೆ ಅಂತ ಆಚೆ ತೆಗೆಯುವಂತಿಲ್ಲ. ಆಗಸ್ಟ್ ತಿಂಗಳೊಂದರಲ್ಲಿ ಮಾತ್ರ ಎಲ್ಲ ವಿನಾಯಿತಿ, ಎಲ್ಲಿಗೆ ಬೇಕಾದರೂ ಹೋಗಬಹುದು. ಹೆಚ್ಚುಕಮ್ಮಿ ಶ್ರಾವಣ ಮಾಸ. ನಮ್ಮ ಮನೆಯಲ್ಲಿ ಆ ತಿಂಗಳು ಮಂಗಳಗೌರಿ ವ್ರತ ತಪ್ಪಿದರೂ ತಪ್ಪೀತು, ಮಸ್ಟಾಂಗ್ ವ್ರತ ತಪ್ಪುವುದಿಲ್ಲ.

ಕಾರು 1966ರ ಫೋರ್ಡ್ ಮಸ್ಟಾಂಗ್. ಮೂತಿಯ ಮೇಲೆ ಓಡುವ ಕುದುರೆ. ಚಾಸಿ ನಂಬರಿನ ಎರಡನೆಯ ಸ್ಥಾನದಲ್ಲಿ ‘ಎಫ್’ ಅನ್ನುವ ಅಕ್ಷರವಿದೆ, ಅಂದರೆ ಇಲ್ಲೇ ಡಿಯರ್‌ಬಾರ್ನ್ ಕಾರ್ಖಾನೆಯಲ್ಲಿ ತಯಾರಾದದ್ದು. ಮನೆಗೆ ಬಂದವರಿಗೆ ನಾನು ಕಾಫಿ ಕೊಡುವುದರೊಳಗೆ ಇವರು ಆ ಅಕ್ಷರದ ದರ್ಶನ ಮಾಡಿಸಿರುತ್ತಾರೆ. ಆಗಸ್ಟಿನ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ ಡ್ರೀಮ್ ಕ್ರೂಸ್ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ಸಾವಿರಾರು ಹಳೆಯ ಕಾರುಗಳು ಆಮೆಯ ನಡಿಗೆಯಲ್ಲಿ ಸಾಗುತ್ತವೆ, ಜನ ರಸ್ತೆಬದಿಯಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಅಷ್ಟು ಮುಗಿಯಿತೆಂದರೆ ಕುದುರೆ ಗರಾಜು ಸೇರುತ್ತದೆ. ಆಮೇಲೆ ಚಳಿಗಾಲ, ರಸ್ತೆಯ ತುಂಬ ಉಪ್ಪು. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗಿಂತಲೂ ಕೆಳಗೆ, ದೊಡ್ಡ ಉಪ್ಪಿನ ಗಣಿಯಿದೆ. ಹಾಗಾಗಿ ಸುರಿಯುವವರ ಕೈ ಧಾರಾಳ. ಹಳೆಯ ಕಾರಿನ ತಗಡು ಆ ಉಪ್ಪಿಗೆ ಸಿಕ್ಕರೆ ವರ್ಷದೊಳಗೆ ಜಾಲರಿ.

ನಮ್ಮತ್ತೆ ಹಾಸನದಿಂದ ಬಂದದ್ದು ಸರಿಯಾಗಿ ದಸರೆಗೆ. ಬೇಸಿಗೆಗೆ ಬನ್ನಿ ಅಂದರೆ ಮಾವಿನಕಾಯಿ ಉಪ್ಪಿನಕಾಯಿ ತಪ್ಪಿಹೋಗುತ್ತದೆ ಅಂತ ಒಪ್ಪುವವರಲ್ಲ. ಆಯುಧಪೂಜೆಗೆ ನಾಲ್ಕಾರು ಕನ್ನಡದ ಮನೆಯವರನ್ನು ಕರೆದಿದ್ದೆವು. ಅವತ್ತು ಬೆಳಿಗ್ಗೆ ಇವರು ಕಾರಿನ ಕೀಲಿ ತಿರುಗಿಸಿದರೆ ‘ಟಕ್’ ಅಂತ ಒಂದು ಸದ್ದು. ಇನ್ನೊಮ್ಮೆ ತಿರುಗಿಸಿದರೆ ಅದೂ ಇಲ್ಲ. ಕಾರು ನಿಂತೇ ಇದ್ದರೂ ಡ್ಯಾಶ್‌ಬೋರ್ಡಿನ ಮೇಲಿನ ಗಡಿಯಾರ ಮಾತ್ರ ಹಗಲೂ ರಾತ್ರಿ ಬ್ಯಾಟರಿಯಿಂದಲೇ ಉಣ್ಣುತ್ತ ಕೂತಿತ್ತು. ತಮಾಷೆಯೆಂದರೆ, ಅದು ತೋರಿಸುವ ಹೊತ್ತು ಮಾತ್ರ ಯಾವತ್ತೂ ತಪ್ಪು.

ಪಕ್ಕದ ಮನೆಯಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಅಮೆರಿಕನ್ ಅಜ್ಜ ಒಬ್ಬರಿದ್ದಾರೆ. ಅವರಲ್ಲಿಂದ ಒಂದು ಹಳೆಯ ಚಾರ್ಜರ್ ಬಂತು. ತೂಕ ನೋಡಿದರೆ ಅದೂ 1966ರದ್ದೇ. ಬ್ಯಾಟರಿಯ ಆರೂ ಮುಚ್ಚಳ ತೆಗೆದು ಚಾರ್ಜಿಗೆ ಹಾಕಿದರು. ಒಳಗೆ ಗುಳುಗುಳು ಶುರುವಾಯಿತು. ಅಷ್ಟು ಹೊತ್ತಿಗೆ ಅತ್ತೆ ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ನೇರ ಬಾನೆಟ್ಟಿನ ಹತ್ತಿರಕ್ಕೇ ಬಂದರು.

“ಅಮ್ಮಾ, ಬೇಡ! ಹೈಡ್ರೋಜನ್!” ಅಂತ ಇವರು ಕೂಗಿದ ಕೂಗಿಗೆ ಎದುರು ಮನೆಯ ನಾಯಿ ಬೊಗಳಿತು.

“ಯಾರೋ ಅದು?” ಅಂದರು ಅತ್ತೆ, ತಿರುಗಿ ನೋಡುತ್ತ.

ಚಾರ್ಜ್ ಏರುವಾಗ ಬ್ಯಾಟರಿಯೊಳಗಿನ ನೀರು ಒಡೆದು ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದರ ಪಾಲು ನೂರಕ್ಕೆ 4 ಆದರೂ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಹಾಗಾಗಿ ಆ ವರ್ಷ ನಮ್ಮ ಮಸ್ಟಾಂಗಿಗೆ ಮಂಗಳಾರತಿ ಆದದ್ದು ಗರಾಜಿನ ಆಚೆ, ಅಂಚೆ ಡಬ್ಬದ ಪಕ್ಕದಿಂದ.

ಡೆಟ್ರಾಯಿಟ್ ಕಡೆಯ ಕನ್ನಡಿಗರೆಂದರೆ ಕಾರಿನ ಒಂದೊಂದು ಅಂಗಕ್ಕೆ ಒಬ್ಬೊಬ್ಬರು ಎಂಜಿನಿಯರ್. ಬಂದವರಲ್ಲಿ ಏರ್‌ಬ್ಯಾಗಿನವರಿದ್ದರು, ಬ್ರೇಕಿನ ಸಾಫ್ಟ್‌ವೇರಿನವರಿದ್ದರು, ಸೀಟಿನವರೂ ಇದ್ದರು. ಒಬ್ಬರಂತೂ ಎಲೆಕ್ಟ್ರಿಕ್ ಕಾರಿನ ಬ್ಯಾಟರಿಯನ್ನೇ ವಿನ್ಯಾಸ ಮಾಡುವವರು. ಎಲ್ಲರ ಕಣ್ಣೂ ಅವರ ಮೇಲೆ. ಅವರು ಬಗ್ಗಿ ನೋಡಿ, ಬೆನ್ನು ನೆಟ್ಟಗೆ ಮಾಡಿ, “ನಂದು ಲಿಥಿಯಂ. ಇದು ಸೀಸ, ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ” ಅಂದುಬಿಟ್ಟರು. ಸೀಟಿನವರು ಮಾತ್ರ ಒಳಗೆ ಹೋಗಿ ಕೂತು, ಚೆನ್ನಾಗಿದೆ ಅಂದರು.

ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಕಾಯುತ್ತಿತ್ತು. ಗೇರ್ ಬಾಕ್ಸು ಆಟೊಮ್ಯಾಟಿಕ್ಕು, ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ. “ಸ್ಟಾರ್ಟ್ ಆಗೋದು ಯಾರಿಗೆ ಬೇಕಾಗಿದೆ? ನಿಂಬೆಹಣ್ಣು ಒಡೆದ್ರೆ ಆಯ್ತಲ್ಲ, ತಳ್ಳಿ” ಅಂದರು ಅತ್ತೆ. ಎಂಜಿನಿಯರುಗಳಲ್ಲಿ ಯಾರಿಗೂ ಹೊಳೆಯದಿದ್ದ ಸಂಗತಿ. ನ್ಯೂಟ್ರಲ್‌ಗೆ ಹಾಕಿ ತಳ್ಳಿದರು, ನಿಂಬೆಹಣ್ಣು ಪಚಕ್ಕೆಂದವು, ಗರಾಜಿನ ಮುಂದಿನ ಇಳಿಜಾರಿನಲ್ಲಿ ಕಾರು ತಾನಾಗಿಯೇ ರಸ್ತೆಯವರೆಗೆ ಹೋಗಿ ನಿಂತಿತು. ಹೋದದ್ದು ಸುಲಭ. ಸಾವಿರದ ಮುನ್ನೂರು ಕಿಲೋದ ಅದನ್ನು ಅದೇ ಏರಿನಲ್ಲಿ ವಾಪಸ್ ಹತ್ತಿಸಬೇಕಿತ್ತು. ಜರತಾರಿ ಪಂಚೆಯನ್ನು ಮೇಲಕ್ಕೆ ಕಟ್ಟಿ, ಅಷ್ಟೂ ಡಿಪಾರ್ಟ್‌ಮೆಂಟುಗಳು ಸೇರಿ ನೂಕಿದವು. ಅವತ್ತು ದೊಡ್ಡ ಪಾತ್ರೆಯ ಬಿಸಿಬೇಳೆಬಾತ್ ತಳ ಕಂಡಿತು.

ಆ ಬ್ಯಾಟರಿ ಮತ್ತೆ ಏಳಲಿಲ್ಲ. ಕಾರಣವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನಾನೇ ಪಾಠ ಹೇಳಬಲ್ಲೆ. ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿ 1859ರಲ್ಲಿ ಮಾಡಿದ್ದೇ ಇವತ್ತಿಗೂ ನಡೆಯುತ್ತಿರುವ ವ್ಯವಸ್ಥೆ: ಸೀಸದ ತಟ್ಟೆಗಳು, ಸುತ್ತ ಗಂಧಕಾಮ್ಲ. ಬ್ಯಾಟರಿ ಕರೆಂಟು ಕೊಟ್ಟಾಗಲೆಲ್ಲ ತಟ್ಟೆಯ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಕಚ್ಚಿಕೊಂಡು ಬಿಡುತ್ತದೆ, ಆಮೇಲೆ ಯಾವ ಚಾರ್ಜರಿಗೂ ಜಗ್ಗುವುದಿಲ್ಲ. ತುಂಬಿದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.4 ಅಂದರೆ ಮುಕ್ಕಾಲು ಪಾಲು, ಅಲ್ಲಿಗೆ ಎಚ್ಚರವಾಗಬೇಕು. 12 ಅಂದರೆ ಹೆಚ್ಚುಕಮ್ಮಿ ಖಾಲಿ. ಹನ್ನೆರಡು ವೋಲ್ಟ್ ಬ್ಯಾಟರಿಯಲ್ಲಿ ಹನ್ನೆರಡು ಇದ್ದರೆ ಖಾಲಿ ಅಂತ ಹೇಗೆ ಅನ್ನುವುದು ಅತ್ತೆಗೆ ಈಗಲೂ ಒಪ್ಪಿಗೆಯಾಗಿಲ್ಲ.

ಹೊಸ ಬ್ಯಾಟರಿಯ ಜೊತೆ ಬಂದದ್ದು ಬ್ಯಾಟರಿ ಮೇಂಟೈನರ್ ಅನ್ನುವ ಸಣ್ಣ ಪೆಟ್ಟಿಗೆ. ಅಜ್ಜನ ಕಾಲದ ಟ್ರಿಕಲ್ ಚಾರ್ಜರಿಗೆ ಹೊಟ್ಟೆ ತುಂಬಿದ್ದು ತಿಳಿಯುವುದಿಲ್ಲ, ಬಡಿಸುತ್ತಲೇ ಹೋಗುತ್ತದೆ. ತಿಂಗಳಾನುಗಟ್ಟಲೆ ಬಿಟ್ಟರೆ ಬ್ಯಾಟರಿಯ ನೀರು ಆರಿಹೋಗುತ್ತದೆ. ಮೇಂಟೈನರ್ ಹಾಗಲ್ಲ. ತುಂಬಿತೆಂದರೆ ತಾನೇ ಹದಿಮೂರು ಚಿಲ್ಲರೆ ವೋಲ್ಟಿಗೆ ಇಳಿಸಿಕೊಂಡು ಸುಮ್ಮನೆ ನೋಡಿಕೊಂಡಿರುತ್ತದೆ. ಅದನ್ನು ಗರಾಜಿನಲ್ಲೇ ಕಾರಿಗೆ ಸಿಕ್ಕಿಸಿ ಬಿಟ್ಟರೆ ಸಾಕು ಅಂತ ಅದರ ಪುಸ್ತಕದಲ್ಲೇ ಬರೆದಿದೆ. ಚಳಿಯಲ್ಲಿ ಚಾರ್ಜ್ ತಾನಾಗಿ ಇಳಿಯುವುದೂ ನಿಧಾನ. ಪೂರ್ತಿ ತುಂಬಿದ ಬ್ಯಾಟರಿಯ ಆಮ್ಲ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ; ಖಾಲಿಯದಾದರೆ ಮೈನಸ್ 10ರ ಆಸುಪಾಸಿನಲ್ಲೇ ಗಡ್ಡೆಕಟ್ಟಿ ಡಬ್ಬ ಬಿರಿಯುತ್ತದೆ. ಇಷ್ಟನ್ನೆಲ್ಲ ನಮಗೆ ಓದಿ ಹೇಳಿದ ಮನುಷ್ಯನೇ ಮೊದಲ ಹಿಮ ಬಿದ್ದ ರಾತ್ರಿ ಸ್ಪ್ಯಾನರ್ ಹಿಡಿದು ಹೋಗಿ ಬ್ಯಾಟರಿ ಬಿಚ್ಚಿಕೊಂಡು ಬಂದರು. ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಅಪ್ಪಿತಪ್ಪಿ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ ಅಂತ ಮೆಟ್ಟಿಲಿಳಿಯುತ್ತಲೇ ಎಲ್ಲರಿಗೂ ಕೇಳುವಂತೆ ಹೇಳಿದರು.

ಬೇಸ್‌ಮೆಂಟಿನ ಮೂಲೆಯೇ ಬಾಣಂತಿ ಕೋಣೆಯಾಯಿತು. ಗಾಳಿಯಾಡಲೆಂದು ಕಿಟಕಿ ಒಂದಿಷ್ಟು ತೆರೆದದ್ದು, ಆ ಕಡೆ ಯಾರೂ ಗಂಧದ ಕಡ್ಡಿ ಹಚ್ಚಕೂಡದು ಅನ್ನುವ ಅಪ್ಪಣೆ, ಮಕ್ಕಳು ಅಲ್ಲಿ ಚೆಂಡಾಡಕೂಡದು ಅನ್ನುವ ಗದರಿಕೆ. ಸಿಮೆಂಟಿನ ನೆಲದ ಮೇಲೆ ಬರಿದೇ ಇಟ್ಟಿದ್ದು ನೋಡಿ ಅತ್ತೆ ದೇವರ ಕೋಣೆಯ ಮಣೆ ತಂದು ಅದರ ಕೆಳಗೆ ಇಟ್ಟರು. ಈಗಿನ ಪ್ಲಾಸ್ಟಿಕ್ ಡಬ್ಬಕ್ಕೆ ನೆಲದಿಂದ ಏನೂ ಆಗುವುದಿಲ್ಲ, ಅದೆಲ್ಲ ಮರದ, ರಬ್ಬರಿನ ಡಬ್ಬದ ಕಾಲದ ಮಾತು ಅಂತ ಇವರು ವಾದ ಹೂಡಿದರು. ಅಷ್ಟರಲ್ಲಿ ಚಾರ್ಜರ್ ವಾಪಸ್ ಕೇಳಲು ಬಂದ ಪಕ್ಕದ ಮನೆಯ ಅಜ್ಜ ಮಣೆ ನೋಡಿ, ಅಮ್ಮ ಮಾಡಿದ್ದೇ ಸರಿ, ನಮ್ಮಪ್ಪನೂ ಹಲಗೆ ಇಡುತ್ತಿದ್ದ ಅಂದರು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಅವತ್ತಿನಿಂದ ಅವರ ಮನೆಗೆ ಕೋಡುಬಳೆ ಹೋಗತೊಡಗಿತು.

ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಇವರು ಕೆಳಗಿಳಿದು ಹಸಿರು ದೀಪ ನೋಡಿ ಬರಬೇಕು. ದೀಪದ ಮೇಲೂ ನಂಬಿಕೆ ಸಾಲದೆ ಮೀಟರ್ ಇಟ್ಟು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ತಮ್ಮ ಸಕ್ಕರೆ ಎಷ್ಟಿದೆ ಅಂತ ಡಾಕ್ಟರು ಬರೆದಿಡಲು ಹೇಳಿ ಕೊಟ್ಟ ಪುಸ್ತಕ ಫ್ರಿಜ್ಜಿನ ಮೇಲೆ ಖಾಲಿಯಾಗಿಯೇ ಇದೆ.

“ಇಷ್ಟೆಲ್ಲ ಯಾಕೋ? ನಿಮ್ಮಪ್ಪ ಭಾನುವಾರ ಭಾನುವಾರ ಪದ್ಮಿನೀನ ಐದು ನಿಮಿಷ ಸ್ಟಾರ್ಟ್ ಮಾಡಿ ಇಡ್ತಿದ್ರು” ಅಂದರು ಅತ್ತೆ ಒಂದು ದಿನ. ತಪ್ಪು ಮಾಡಿದರು. ಸ್ಟಾರ್ಟರ್ ಒಂದೇ ಉಸಿರಿಗೆ ನೂರಾರು ಆಂಪಿಯರ್ ಎಳೆಯುತ್ತದೆ, ಐದು ನಿಮಿಷದ ಐಡ್ಲಿಂಗಿನಲ್ಲಿ ಅದು ವಾಪಸ್ ತುಂಬುವುದಿಲ್ಲ. ಎಂಜಿನ್ ಸರಿಯಾಗಿ ಬಿಸಿಯಾಗದೆ ಸೈಲೆನ್ಸರಿನಲ್ಲೂ ಆಯಿಲಿನಲ್ಲೂ ನೀರು ನಿಲ್ಲುತ್ತದೆ. ಓಡಿಸಿದರೆ ಅರ್ಧ ಗಂಟೆ ಓಡಿಸಬೇಕು, ಇಲ್ಲದಿದ್ದರೆ ಮುಟ್ಟಲೇಬಾರದು ಅಂತ ಅವರಿಗೆ ಪೂರ್ತಿ ಒಂದು ಮಧ್ಯಾಹ್ನ ಪಾಠವಾಯಿತು. ಪಾಠದ ಕೊನೆಗೆ ಇವರ ಮುಖವೇ ಸಪ್ಪಗಾಯಿತು. ಮಾವ ತೀರಿಹೋದ ಮೇಲೆ ಹಾಸನದ ಶೆಡ್ಡಿನಲ್ಲಿರುವ ಪದ್ಮಿನಿಯನ್ನು ಪಕ್ಕದ ಮನೆ ಹುಡುಗ ‘ನೋಡಿಕೊಳ್ಳುತ್ತಿದ್ದಾನೆ’. ಅವನೂ ಹೀಗೇ ಐದು ನಿಮಿಷ ಮಾಡುತ್ತಿದ್ದರೆ ಗತಿ?

ರಾತ್ರಿಯೇ ವಿಡಿಯೊ ಕಾಲ್. ಅಲ್ಲಿ ಬೆಳಿಗ್ಗೆ, ಹುಡುಗ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದ. “ಮೊದಲು ಬಾನೆಟ್ ತೆಗಿಯಪ್ಪ, ಬ್ಯಾಟರಿ ತೋರಿಸು” ಅಂದರು ಇವರು. ಅವನು ಬ್ರಷ್ ತೆಗೆದು ಅತ್ತಿತ್ತ ನೋಡಿದ.

“ಬ್ಯಾಟ್ರಿ ಸೂಪರಾಗೈತೆ ಅಣ್ಣ. ಎರಡು ವರ್ಷದಿಂದ ಒಂದಿನಾನೂ ಕೈ ಕೊಟ್ಟಿಲ್ಲ.”

“ಎಲ್ಲಿದೆ, ತೋರಿಸು.”

“ನಮ್ಮ ಆಮ್ನಿಯಾಗೈತೆ ಅಣ್ಣ. ದಿನಾ ಸಂತೆಗೆ ತರಕಾರಿ ಹೊಡೀತೀವಲ್ಲ… ಆಯುಧಪೂಜೆ ದಿನ ವಾಪಸ್ ಪದ್ಮಿನಿಗೇ ಹಾಕಿ, ನಿಂಬೆಹಣ್ಣು ಹತ್ತಿಸಿ, ಮತ್ತೆ ಬಿಚ್ಕೊಂಡೆ. ಅಮ್ಮಾವ್ರೇ ಹೇಳಿದ್ರು.”

ಇವರು ನಿಧಾನವಾಗಿ ಅಮ್ಮನ ಕಡೆ ತಿರುಗಿದರು. ಅತ್ತೆ ಹುರುಳಿಕಾಯಿ ನಾರು ತೆಗೆಯುವುದರಲ್ಲಿ ಮಗ್ನರು. “ವಾರಕ್ಕೆರಡು ಸಲ ಸೊಪ್ಪು ತಂದುಕೊಡ್ತಾನೆ, ಪಾಪ, ಒಳ್ಳೆ ಹುಡುಗ” ಅಂದರು, ತಲೆ ಎತ್ತದೆ.

ಈಗ ಸಿಡಿಯುತ್ತಾರೆ ಅಂದುಕೊಂಡು ನಾನು ಫೋನು ಇಸಿದುಕೊಳ್ಳಲು ಕೈ ಚಾಚಿದೆ. ಇವರು ಅದನ್ನು ಇನ್ನೂ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು ಕೇಳಿದರು: “ಬಿಚ್ಚುವಾಗ ನೆಗೆಟಿವ್ ಮೊದಲು ಬಿಚ್ಚಿದೆ ತಾನೆ?”