ಮ್ಯಾನೇಜರ್ ಬೇಕಾಗಿದ್ದಾರೆ

ಯುನೈಟೆಡ್ ರಾಯರು ಮ್ಯಾಂಚೆಸ್ಟರ್ ನೋಡಿದವರಲ್ಲ. ಪಾಸ್‌ಪೋರ್ಟನ್ನೂ ಮಾಡಿಸಿಲ್ಲ. ಆದರೆ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಓಲ್ಡ್ ಟ್ರಾಫರ್ಡ್ ಮೈದಾನದ ಮಾಡು ಜೋರು ಮಳೆಗೆ ಸೋರುತ್ತದೆ ಎಂಬ ಚಿಂತೆ ಅವರನ್ನು ಹಣ್ಣು ಮಾಡಿದೆ. ಬಸವನಗುಡಿಯ ತಮ್ಮ ಮನೆಯ ಅಡುಗೆಕೋಣೆ ಸೋರುವುದನ್ನು ಮಾತ್ರ ಹೆಂಡತಿಯೇ ಎರಡು ಸಲ ನೆನಪಿಸಬೇಕು.

ಈ ಭಕ್ತಿ ಹುಟ್ಟಿದ್ದು 1999ರ ಮೇ ತಿಂಗಳ ಒಂದು ರಾತ್ರಿ. ಬಾರ್ಸಿಲೋನಾದಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ನಮ್ಮಲ್ಲಿ ಗಂಟೆ ಎರಡು ದಾಟಿತ್ತು. ಕೇಬಲ್ ಟಿ.ವಿ.ಯ ಎದುರು ಕಾಲೇಜು ಹುಡುಗ ರಾಯರು ಅರ್ಧ ನಿದ್ದೆಯಲ್ಲಿದ್ದರು. ಮುಗಿಯಲು ಬಂದ ಆಟದ ಹೆಚ್ಚುವರಿ ನಿಮಿಷಗಳಲ್ಲಿ ಯುನೈಟೆಡ್‌ನ ಶೆರಿಂಗ್‌ಹ್ಯಾಮ್ ಒಂದು, ಸೋಲ್‌ಶಾಯರ್ ಇನ್ನೊಂದು ಗೋಲು ಹೊಡೆದು ಬಯರ್ನ್ ಮ್ಯೂನಿಕ್ ಬಾಯಿಂದ ಕಪ್ ಕಿತ್ತುಕೊಂಡರು. ಆವತ್ತು ಹೋದ ನಿದ್ದೆ ಇನ್ನೂ ಪೂರ್ತಿ ಬಂದಿಲ್ಲ.

ರಾಯರು ಈಗ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಅವರ ಶಾಖೆಗೂ ಆಗಾಗ ಹೊಸ ಮ್ಯಾನೇಜರ್ ವರ್ಗವಾಗಿ ಬರುತ್ತಾರೆ. ರಾಯರು ಹಾರ ತರಿಸುತ್ತಾರೆ, ಫೋಟೋದಲ್ಲಿ ಎಡತುದಿಗೆ ನಿಲ್ಲುತ್ತಾರೆ, ಹೋಗುವವರಿಗೆ ಹೇಳಿದ ನಾಲ್ಕು ಒಳ್ಳೆಯ ಮಾತನ್ನೇ ಬರುವವರಿಗೂ ಹೇಳುತ್ತಾರೆ. ಯಾರು ಬರಬೇಕಿತ್ತು ಎಂದು ಅವರನ್ನು ಯಾರೂ ಕೇಳಿಲ್ಲ, ಅವರಿಗೂ ಹೇಳಬೇಕೆನಿಸಿಲ್ಲ. ಅಲ್ಲಿ ಉಳಿತಾಯವಾದ ಅಭಿಪ್ರಾಯವೆಲ್ಲ ಬಡ್ಡಿ ಸಮೇತ ಖರ್ಚಾಗುವುದು ಮ್ಯಾಂಚೆಸ್ಟರಿನ ಖಾತೆಗೆ.

2024ರ ಅಕ್ಟೋಬರ್ 28ರಂದು ಕ್ಲಬ್ಬು ಮ್ಯಾನೇಜರ್ ಎರಿಕ್ ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿತು. ಅದೇ ಸಂಜೆ ಗಾಂಧಿ ಬಜಾರಿನ ದರ್ಶಿನಿಯೊಂದರ ಕಲ್ಲುಮೇಜಿನ ಸುತ್ತ ಆಯ್ಕೆ ಸಮಿತಿ ನಿಂತೇ ಸಭೆ ಸೇರಿತು. ಅಧ್ಯಕ್ಷರು ರಾಯರು. ವಿರೋಧ ಪಕ್ಷದ ನಾಯಕರು ಲಿವರ್‌ಪೂಲ್ ಶೆಟ್ಟರು. ಇವರು ಮಂಗಳೂರಿನವರು, ಯುನೈಟೆಡ್‌ನ ಸೋಲಿನಲ್ಲಿ ಪಾಲ್ಗೊಳ್ಳಲೆಂದೇ ಎಷ್ಟು ದೂರದಿಂದಲಾದರೂ ಬರುತ್ತಾರೆ. ಮೂರನೆಯವನು ರಾಯರ ಶಾಖೆಯ ಹೊಸ ಹುಡುಗ, ಆಸ್ಟಿನ್ ಟೌನಿನವನು. ಅವನಿಗೆ ಮಾತಾಡಲು ಅವಕಾಶ ಸಿಕ್ಕಿದ್ದು ಎರಡನೇ ಕಾಫಿಯ ನಂತರ.

"ನಾನು ಮೊದಲೇ ಹೇಳಿದ್ದೆ," ಎಂದರು ರಾಯರು. ಇದು ಸಭೆಯ ಪ್ರಾರ್ಥನಾ ಗೀತೆ.

ಯಾವಾಗ ಹೇಳಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ಟೆನ್ ಹಾಗ್ 2023ರಲ್ಲಿ ಲೀಗ್ ಕಪ್ ಗೆದ್ದಾಗ ರಾಯರು ಸಮಿತಿಗೆಲ್ಲ ಮಸಾಲೆ ದೋಸೆ ಕೊಡಿಸಿದ್ದು ನನಗೆ ನೆನಪಿದೆ. ಮರುವಾರವೇ ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ 7-0 ಬಾರಿಸಿತು. ಸೋಲ್‌ಶಾಯರ್ ಮ್ಯಾನೇಜರ್ ಆಗಿದ್ದ ಕಾಲದಲ್ಲಿ ಇದೇ ಲಿವರ್‌ಪೂಲ್ ಓಲ್ಡ್ ಟ್ರಾಫರ್ಡಿಗೇ ಬಂದು 5-0 ಹೊಡೆದಾಗ ಶೆಟ್ಟರು ಐದು ಮೈಸೂರು ಪಾಕ್ ಕಟ್ಟಿಸಿ ಕಳಿಸಿದ್ದರು. ಏಳು ಕಟ್ಟಿಸುವಷ್ಟು ಕ್ರೂರಿ ಅಲ್ಲ ಅವರು. ಮಧ್ಯರಾತ್ರಿ ಫೋನ್ ಮಾಡಿ, "ಊಟ ಆಯ್ತಾ ಮಾರಾಯ್ರೆ?" ಎಂದಷ್ಟೇ ಕೇಳಿದರು.

ರಾಯರಂಥವರ ಮನಸ್ಸು ತಿಳಿಯಬೇಕಾದರೆ ಅವರ ಹಳೆಯ ಕಡತ ತೆಗೆಯಬೇಕು. 2013ರಲ್ಲಿ ಮ್ಯಾನೇಜರ್ ಫರ್ಗ್ಯುಸನ್ ನಿವೃತ್ತರಾಗಿ, ತಮ್ಮ ಜಾಗಕ್ಕೆ ಕೈಯಾರೆ ಡೇವಿಡ್ ಮೋಯ್ಸ್ ಅವರನ್ನು ಕೂರಿಸಿದರು. ಆರು ವರ್ಷದ ಕರಾರು, ಹತ್ತು ತಿಂಗಳೂ ತುಂಬಲಿಲ್ಲ. ರಾಯರಿಗೆ ಬೇಕಾಗಿದ್ದವರು ಮೊರಿನ್ಯೊ. ಆಮೇಲೆ ಬಂದವರು ವಾನ್ ಗಾಲ್. ರಾಯರಿಗೆ ಬೇಕಾಗಿದ್ದವರು ಆಗಲೂ ಮೊರಿನ್ಯೊ. ವಾನ್ ಗಾಲ್ 2016ರಲ್ಲಿ ಎಫ್.ಎ. ಕಪ್ ಗೆದ್ದ ಎರಡೇ ದಿನಕ್ಕೆ ಹೊರಬಿದ್ದರು, ಮೊರಿನ್ಯೊ ಒಳಬಂದರು. ಮೊದಲ ವರ್ಷವೇ ಎರಡು ಕಪ್, ಮರುವರ್ಷ ಲೀಗ್‌ನಲ್ಲಿ ಎರಡನೇ ಸ್ಥಾನ. ಬೇಡಿದ ವರವೇ ಸಿಕ್ಕಿತ್ತು. ಬೇಡಿದ್ದು ಸಿಕ್ಕಿಬಿಟ್ಟರೆ ರಾಯರಿಗೆ ಕೆಲಸವೇನು? "ಎರಡೂವರೆ ವರ್ಷ ಹೋಟೆಲ್ ರೂಮಲ್ಲೇ ಇದ್ದ ಪುಣ್ಯಾತ್ಮ. ಮನೆ ಮಾಡದವನು ಊರಲ್ಲಿ ನಿಲ್ತಾನೇನ್ರೀ?" ಎಂದು ಅವರೂ ಕೈಬಿಟ್ಟರು. ಹೋಟೆಲಿನಲ್ಲಿದ್ದದ್ದು ನಿಜ, ಲೌರಿ ಹೋಟೆಲ್. ರಾಯರು ತಪ್ಪು ಮಾಹಿತಿ ಕೊಡುವವರಲ್ಲ.

2018ರ ಡಿಸೆಂಬರಿನಲ್ಲಿ ಸೋಲ್‌ಶಾಯರ್ ತಾತ್ಕಾಲಿಕವಾಗಿ ಬಂದು ಮೊದಲ ಎಂಟೂ ಪಂದ್ಯ ಗೆದ್ದಾಗ ಅವರ ಕಣ್ಣು ಒದ್ದೆಯಾಯಿತು. ಕ್ಲಬ್ಬಿನ ಡಿ.ಎನ್.ಎ. ಎಂಬ ಮಾತು ಆಗ ಅವರ ಬಾಯಿಗೆ ಹತ್ತಿದ್ದು. ಮನೆಯಲ್ಲಿ ಸಕ್ಕರೆ ಕಾಯಿಲೆ ಬಿಟ್ಟು ಬೇರೆ ಯಾವ ವಂಶವಾಹಿಯ ಬಗ್ಗೆಯೂ ಅವರು ಅಷ್ಟು ಮಾತಾಡಿದ್ದಿಲ್ಲ. 2021ರ ನವೆಂಬರಿನಲ್ಲಿ ವಾಟ್‌ಫರ್ಡ್ ಎದುರು 4-1 ಸೋತ ಮರುದಿನ ಸೋಲ್‌ಶಾಯರ್ ಹೋದರು. ಡಿ.ಎನ್.ಎ. ಮಾತ್ರ ಇಲ್ಲೇ ಉಳಿಯಿತು.

"ಈಗ ಯಾರಾದರೆ ಆದೀತು ರಾಯರೇ?" ಎಂದು ಶೆಟ್ಟರು ಮೀನಿಗೆ ಗಾಳ ಹಾಕಿದರು.

"ಜಿದಾನ್."

"ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತಾರಲ್ಲ?"

"ನಿಮಗೆ ಮಾತು ಬೇಕಾ, ಕಪ್ ಬೇಕಾ? 2016, 17, 18, ಮೂರು ವರ್ಷ ಸಾಲಾಗಿ ಚಾಂಪಿಯನ್ಸ್ ಲೀಗ್!"

ಫ್ರಾನ್ಸಿನ ಜಿದಾನ್ ರಿಯಲ್ ಮಡ್ರಿಡ್ ತಂಡದ ಮ್ಯಾನೇಜರ್ ಕೆಲಸ ಬಿಟ್ಟಿದ್ದು 2021ರ ಮೇ ತಿಂಗಳಲ್ಲಿ. ಅಲ್ಲಿಂದ ಅವರು ಯಾವ ತಂಡವನ್ನೂ ವಹಿಸಿಕೊಂಡಿರಲಿಲ್ಲ. ಆದ್ದರಿಂದ ಮೂರು ವರ್ಷದಲ್ಲಿ ಒಂದು ಪಂದ್ಯವನ್ನೂ ಸೋತಿರಲಿಲ್ಲ. ಬಾರದ ಮ್ಯಾನೇಜರನಿಗೆ ಇರುವ ಈ ಅನುಕೂಲ ಬಂದವನಿಗೆ ಎಲ್ಲಿಂದ ಬರಬೇಕು? ಬಂದವನ ಗೋಲ್‌ಕೀಪರ್ ಕೈಯಿಂದ ಚೆಂಡು ಜಾರುತ್ತದೆ, ಸ್ಟ್ರೈಕರ್‌ಗೆ ಮಂಡಿ ನೋವು ಬರುತ್ತದೆ, ಶನಿವಾರ ಸಂಜೆ ಬ್ರೈಟನ್ ಎದುರು ಮರ್ಯಾದೆ ಹೋಗುತ್ತದೆ. ಬಾರದವನು ರಾಯರ ತಲೆಯೊಳಗೆ ಪ್ರತಿ ವಾರ 3-0 ಗೆಲ್ಲುತ್ತಲೇ ಇರುತ್ತಾನೆ.

ಕ್ಲಬ್ಬಿನ ಕಣ್ಣು ಮಾತ್ರ ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ಬಿನ ರೂಬೆನ್ ಅಮೋರಿಮ್ ಮೇಲಿತ್ತು. ಆತ ತಂಡ ಹೂಡುವುದು 3-4-3ರಲ್ಲಿ, ಅಂದರೆ ರಕ್ಷಣೆಗೆ ಹಿಂದೆ ಮೂವರು. ಇದನ್ನು ವಿವರಿಸಲು ರಾಯರು ಮೂರು ಉದ್ದಿನ ವಡೆಯನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, ಎಡಗಡೆಯವನು ಮುಂದೆ ಹೋದರೆ ನಡುವಿನವನು ಹೇಗೆ ಸರಿಯಬೇಕು ಎಂದು ತೋರಿಸುತ್ತಿದ್ದರು. ನಡುವಿನವನನ್ನು ಶೆಟ್ಟರು ಸಾಂಬಾರಿನಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡರು. "ಹೀಗೇ ಆಗುವುದು ನೋಡಿ," ಎಂದರು, ಬಾಯಿ ಖಾಲಿಯಾದ ಮೇಲೆ.

ಆಗ ಆಸ್ಟಿನ್ ಟೌನಿನ ಹುಡುಗ ಗಂಟಲು ಸರಿಮಾಡಿಕೊಂಡ. ಅವನು ಕಂಠೀರವ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ, ವೆಸ್ಟ್ ಬ್ಲಾಕ್ ಬ್ಲೂಸ್ ಗುಂಪಿನ ನಡುವೆ, ತೊಂಬತ್ತು ನಿಮಿಷವೂ ನಿಂತು ಕಿರುಚುವವನು. ಬೆಂಗಳೂರು ಎಫ್.ಸಿ.ಯವನು.

"ಸಾರ್, 2013ರಲ್ಲಿ ನಿಮ್ಮೋರು ಮೋಯ್ಸ್‌ನ ತಗೊಂಡ್ರಲ್ಲ, ಅದೇ ವರ್ಷ ನಮ್ಮೋರು ಆಶ್ಲಿ ವೆಸ್ಟ್‌ವುಡ್‌ನ ತಗೊಂಡ್ರು. ಅವರು ಬೆಳೆದಿದ್ದು ಎಲ್ಲಿ ಗೊತ್ತಾ? ನಿಮ್ಮ ಯುನೈಟೆಡ್ ಯೂತ್ ಟೀಮಲ್ಲೇ. ನಮ್ಮ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿಸಿ, ಮೊದಲನೇ ವರ್ಷಕ್ಕೇ ಐ-ಲೀಗ್ ಗೆಲ್ಲಿಸಿಬಿಟ್ರು. 2014ರ ಏಪ್ರಿಲ್‌ನಲ್ಲಿ. ಮೋಯ್ಸ್‌ನ ತೆಗೆದಿದ್ದೂ ಅದೇ ವಾರ ಸಾರ್."

ಮೇಜಿನ ಸುತ್ತ ಸದ್ದಿಲ್ಲ. ಮ್ಯಾಂಚೆಸ್ಟರಿನ ಡಿ.ಎನ್.ಎ. ಬಸವನಗುಡಿಯಿಂದ ಒಂದು ಆಟೋ ದೂರದಲ್ಲಿ ತಂಡ ಆಡಿಸುತ್ತಿದ್ದಾಗ ರಾಯರು ಮನೆಯಲ್ಲಿ ಮೋಯ್ಸ್‌ಗೆ ಶಾಪ ಹಾಕುತ್ತಿದ್ದರು. ಕಂಠೀರವದ ಮುಂದೆ ಬಸ್ಸಿನಲ್ಲಿ ಎಷ್ಟು ಸಲ ಹಾದಿದ್ದಾರೋ, ಒಳಗೆ ಹೋದವರಲ್ಲ. "ಅಲ್ಲಿ ಪಾರ್ಕಿಂಗ್ ಕಷ್ಟ," ಎಂದರು. ಅವರಿಗೆ ಗಾಡಿ ಇಲ್ಲ.

ಹುಡುಗನೂ ಈ ಜಾತಿಯವನೇ ಎಂಬುದನ್ನು ಮರೆಯಬಾರದು. ಅವನೆದುರು ಕಾರ್ಲೆಸ್ ಕುವಾದ್ರಾತ್ ಹೆಸರೆತ್ತಿ ನೋಡಿ. 2019ರಲ್ಲಿ ಐ.ಎಸ್.ಎಲ್. ಗೆಲ್ಲಿಸಿಕೊಟ್ಟವರನ್ನು 2021ರ ಜನವರಿಯಲ್ಲಿ ಬಿಟ್ಟದ್ದು ಸರಿಯೇ ಎಂದು ಕೇಳಿದರೆ, ಊಟದ ವಿರಾಮ ಮುಗಿದು ಕೌಂಟರಿನ ಮುಂದೆ ಗ್ರಾಹಕರು ಸಾಲು ನಿಂತರೂ ಅವನ ಉತ್ತರ ಮುಗಿಯುವುದಿಲ್ಲ.

ಸಮಿತಿಯ ಮುಂದಿನ ಕಲಾಪ ಫೋನಿನಲ್ಲಿ ನಡೆಯಿತು. ರಾಯರ ಮನೆಯಲ್ಲಿ ಅದು ಅಕ್ಕನ ಮಗಳಿಗೆ ಗಂಡು ಹುಡುಕುತ್ತಿದ್ದ ಸಮಯ. ಎಂಬತ್ತು ದಾಟಿದ ಅವರ ತಾಯಿಗೆ ಕಿವಿ ಸ್ವಲ್ಪ ಮಂದ, ಆಸಕ್ತಿ ಚುರುಕು. ಪಡಸಾಲೆಯಲ್ಲಿ ಹೂ ಕಟ್ಟುತ್ತಾ ಮಗನ ಮಾತಿಗೆ ಕಿವಿಗೊಟ್ಟರು.

"ಪೋರ್ಚುಗಲ್ ಕಡೆಯವನು ಶೆಟ್ಟರೇ. ಮೂವತ್ತೊಂಬತ್ತು ವಯಸ್ಸು."

"ಮೂವತ್ತೊಂಬತ್ತೇ!" ಎಂದರು ಅಮ್ಮ.

"ಹುಡುಗ ಬುದ್ಧಿವಂತ. ಆದರೆ ಅವನ ಕಡೆಯವರು ಹನ್ನೊಂದು ಮಿಲಿಯನ್ ಯೂರೋ ಕೊಟ್ರೇನೇ ಬಿಟ್ಟುಕೊಡ್ತಾರಂತೆ."

"ವರದಕ್ಷಿಣೆ ಕೇಳೋರ ಮನೆ ಬೇಡ."

"ಎಲ್ಲಿಗೆ ಹೋದ್ರೂ ಹಿಂದೆ ಮೂರು ಜನ ಇರಲೇಬೇಕು ಅವನಿಗೆ. ಅದೊಂದೇ ನನಗೆ ಭಯ."

"ಹಿಂದೆ ಮೂರು ಜನ ಇದ್ದಾರಾ?" ಅಮ್ಮ ಹೂವನ್ನು ಕೆಳಗಿಟ್ಟರು. "ತಂಗಿಯರೋ, ತಮ್ಮಂದಿರೋ? ಅವರನ್ನೆಲ್ಲ ದಡ ಮುಟ್ಟಿಸೋಷ್ಟರಲ್ಲಿ ನಮ್ಮ ಹುಡುಗಿ ಮುದುಕಿ ಆಗ್ತಾಳೆ."

ನಿಜ ಹೇಳಬೇಕೆಂದರೆ ಲಂಡನ್ನಿನ ಪತ್ರಿಕೆಗಳಲ್ಲಿ ಬಂದ ವಿಶ್ಲೇಷಣೆಗೂ ಅಮ್ಮನ ವಿಶ್ಲೇಷಣೆಗೂ ಹೆಚ್ಚು ಅಂತರವಿರಲಿಲ್ಲ. ಹೊಸ ಪದ್ಧತಿಗೆ ತಕ್ಕ ಆಟಗಾರರು ಮನೆಯಲ್ಲಿಲ್ಲ, ಹೊಂದಿಕೊಳ್ಳಲು ಕಾಲ ಬೇಕು ಎಂದೇ ಆ ಪತ್ರಿಕೆಯವರೂ ಬರೆದಿದ್ದರು.

ಕೊಡುವಷ್ಟು ಕೊಟ್ಟು ಕ್ಲಬ್ಬು ಅಮೋರಿಮ್‌ನನ್ನು ಕರೆತಂದಿತು. ನೇಮಕ ಖಚಿತವಾದ ರಾತ್ರಿಯೇ ರಾಯರು ಪಕ್ಷ ಬದಲಿಸಿದರು. ಇನ್ನು ಟೀಕೆ ಇಲ್ಲ, ಕಾಲಾವಕಾಶ ಕೊಡಬೇಕು. ಇದಕ್ಕೊಂದು ಪ್ರಮಾಣವಾಕ್ಯವೂ ಇದೆ: ಫರ್ಗ್ಯುಸನ್ 1986ರ ನವೆಂಬರಿನಲ್ಲಿ ಬಂದರೂ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ, ಲೀಗ್ ಸಿಕ್ಕಿದ್ದು 1993ರಲ್ಲಿ. ಮೋಯ್ಸ್ ಬಂದಾಗಿನಿಂದ ಪ್ರತಿಯೊಬ್ಬರಿಗೂ ರಾಯರು ಈ ಏಳು ವರ್ಷದ ಅಭಯ ಕೊಟ್ಟಿದ್ದಾರೆ, ಪ್ರತಿಯೊಬ್ಬರಿಂದಲೂ ಮೊದಲ ಚಳಿಗಾಲದೊಳಗೆ ಹಿಂದಕ್ಕೆ ಪಡೆದಿದ್ದಾರೆ.

ಅಮೋರಿಮ್‌ನ ಮೊದಲ ಪಂದ್ಯ ನವೆಂಬರ್ 24ರ ಭಾನುವಾರ ಇಪ್ಸ್‌ವಿಚ್‌ನಲ್ಲಿ. ನಮ್ಮಲ್ಲಿ ರಾತ್ರಿ ಹತ್ತು. ಎರಡನೇ ನಿಮಿಷಕ್ಕೆ ರ‍್ಯಾಶ್‌ಫರ್ಡ್ ಗೋಲು ಹೊಡೆದ. ರಾಯರು ಹಾರಿದ ರಭಸಕ್ಕೆ ಟೀಪಾಯಿ ಮೇಲಿನ ಚಕ್ಕುಲಿ ಚೆಲ್ಲಾಪಿಲ್ಲಿಯಾಯಿತು. ಶೆಟ್ಟರಿಗೆ ಫೋನ್ ಹೋಯಿತು: "ಹಿಂದೆ ಮೂವರು ಅಂದ್ರೆ ಇದೇ ನೋಡಿ! ನಾನು ಮೊದಲೇ ಹೇಳಿದ್ದೆ!" ಮಧ್ಯಂತರಕ್ಕೆ ಎರಡು ನಿಮಿಷ ಇರುವಾಗ ಇಪ್ಸ್‌ವಿಚ್‌ನ ಹಚಿನ್‌ಸನ್ ದೂರದಿಂದ ಒದ್ದ ಚೆಂಡು ಬಲೆ ಸೇರಿತು. 1-1. ರಾಯರು ಧ್ವನಿ ತಗ್ಗಿಸಿ, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು.

ಗಲಾಟೆಗೆ ಎದ್ದ ಅಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. "ಆ ಪೋರ್ಚುಗಲ್ ಹುಡುಗನದು ಏನಾಯ್ತೋ?"

"ಅದು ಸರಿ ಹೋಗೋ ಹಾಗೆ ಕಾಣಲ್ಲಮ್ಮ," ಎಂದರು ರಾಯರು, ಪರದೆಯಿಂದ ಕಣ್ಣು ಕೀಳದೆ. "ಫ್ರಾನ್ಸ್ ಕಡೆಯವನು ಒಬ್ಬ ಇದ್ದಾನೆ. ಒಳ್ಳೇ ಹೆಸರು ಮಾಡಿದವನು. ಮೂರು ವರ್ಷದಿಂದ ಮನೇಲೇ ಇದ್ದಾನೆ."

"ಮೂರು ವರ್ಷದಿಂದ ಕೆಲಸ ಇಲ್ಲದೆ ಮನೇಲಿ ಕೂತವನಿಗೆ," ಎಂದು ಅಮ್ಮ ಹಾಸಿಗೆಯ ಕಡೆ ತಿರುಗಿದರು, "ಯಾವ ಪುಣ್ಯಾತ್ಮರು ಹೆಣ್ಣು ಕೊಡ್ತಾರೋ?"