ವಿಡಿಯೋ ಗೇಮ್ ಉದ್ಯಮ ಮಹಾಶಯರಿಗೆ ಅರ್ಪಿಸಿದ ಬಿನ್ನವತ್ತಳೆ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪ್ರಾಂತದ ಆಟಗಾರರೂ, ಅವರ ಮೊಬೈಲುಗಳಿಗೆ ರೀಚಾರ್ಜ್ ಮಾಡಿಸುವ ತಂದೆತಾಯಿಗಳೂ ನವನಗರದಲ್ಲಿ ಸಭೆ ಸೇರಿ ಓದಿ ಸಮರ್ಪಿಸಿದ್ದು.

ಮಹನೀಯರೇ,

ಹೊಗಳುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ, ಕ್ರಿ.ಶ. 634ರಷ್ಟು ಹಿಂದೆಯೇ ರವಿಕೀರ್ತಿಯೆಂಬ ಕವಿಯು ಇಮ್ಮಡಿ ಪುಲಿಕೇಶಿಯ ದಿಗ್ವಿಜಯವನ್ನು ಸಂಸ್ಕೃತದಲ್ಲಿ ಕೊಂಡಾಡಿ, ಅದೇ ಸಂಭ್ರಮದಲ್ಲಿ ತನ್ನ ಕೀರ್ತಿಯೂ ಕಾಳಿದಾಸ ಭಾರವಿಗಳ ಕೀರ್ತಿಗೆ ಸಮನೆಂದು ಸೇರಿಸಿಕೊಂಡನು. ಆ ಪ್ರಶಸ್ತಿಯು ಸುಮಾರು 1,400 ವರ್ಷಗಳಿಂದ ಒಂದು ಅಪ್‌ಡೇಟನ್ನೂ ಬೇಡದೆ ಇಂದಿಗೂ ಓದಲು ದೊರೆಯುತ್ತಿದೆ. ಅಂತಹ ನಾಡಿನಲ್ಲಿ ಹುಟ್ಟಿದ ನಾವು, ದೇಶದೇಶಾಂತರಗಳ ಕೋಟ್ಯಂತರ ಹೆಬ್ಬೆರಳುಗಳನ್ನು ಏಕಚ್ಛತ್ರದಡಿ ಆಳುತ್ತಿರುವ ತಮ್ಮನ್ನು ಸನ್ಮಾನಿಸದೆ ಉಳಿದರೆ ಪೂರ್ವಿಕರಿಗೆ ಕುಂದು ತಂದಂತಾಗುವುದೆಂದು ಬಗೆದು ಈ ಸಭೆಯನ್ನು ಕರೆದಿದ್ದೇವೆ. ತಮಗಾಗಿ ಇರಿಸಿದ ಆಸನವು ಇನ್ನೂ ಖಾಲಿಯಿರುವುದಕ್ಕೆ ಸಭಿಕರು ಬೇಸರಿಸಬಾರದು. ಮಹಾಶಯರು ಹೊರಟಿರುವರೆಂದೂ, ನೂರಕ್ಕೆ ತೊಂಬತ್ತೊಂಬತ್ತು ಭಾಗ ಲೋಡ್ ಆಗಿರುವರೆಂದೂ ಇದೀಗ ವರ್ತಮಾನ ಬಂದಿದೆ.

ಬಾಲ್ಯಬಂಧುಗಳೇ,

ತಾವು ಕೃಶಾಂಗರಾಗಿದ್ದ ಕಾಲವನ್ನು ನಾವು ಬಲ್ಲೆವು. ಟೀವಿಗೆ ವೈರು ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಪೆಟ್ಟಿಗೆಯೊಳಗೆ ಒತ್ತಿದೊಡನೆ ಮಾರಿಯೋ ಓಡಿಬರುತ್ತಿದ್ದನು; ಹೆಸರೇನು, ಇಮೇಲ್ ಯಾವುದು, ಓಟಿಪಿ ಬಂತೇ ಎಂದು ಅವನು ಯಾರನ್ನೂ ಕೇಳಿದವನಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ನವನಗರದ ಸೆಕ್ಟರುಗಳಿಗೆ ಬಂದು ನೆಲೆಸಿದ ಮನೆಗಳಲ್ಲಿ, ಪಾತ್ರೆಪಗಡಗಳ ಗಂಟಿನ ನಡುವೆ ಇಂತಹ ಕ್ಯಾಸೆಟ್ಟುಗಳೂ ಬಂದವು. ಮನೆ ಹೋದರೂ ಆಟ ಉಳಿಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಇಡಿಯ ಗಾತ್ರ 40 ಕಿಲೋಬೈಟ್. ಅಷ್ಟರಲ್ಲಿಯೇ ಎಂಟು ಲೋಕಗಳೂ, ಒಬ್ಬ ರಾಜಕುಮಾರಿಯೂ, ನಮ್ಮ ಬೇಸಿಗೆ ರಜೆಗಳೆಲ್ಲವೂ ಹಿಡಿಸಿದ್ದವು.

ಈಗಲಾದರೋ ತಮ್ಮ ಶರೀರಸಂಪತ್ತು ವರ್ಣನಾತೀತವಾಗಿದೆ. 2019ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ ಆಟವು ಅಪ್‌ಡೇಟುಗಳನ್ನು ಉಂಡು ಉಂಡು 200 ಜಿಬಿಯನ್ನೂ ಮೀರಿ ಬೆಳೆಯಿತು. ದಿನಕ್ಕೆ 2 ಜಿಬಿಯ ಪ್ಯಾಕನ್ನು ನಂಬಿ, ಮೊಬೈಲಿನ ಹಾಟ್‌ಸ್ಪಾಟಿನಿಂದ ಕಂಪ್ಯೂಟರಿಗೆ ಅದನ್ನು ಇಳಿಸಲು ಹೊರಟ ಬಾದಾಮಿಯ ಹುಡುಗನೊಬ್ಬನು ಬನಶಂಕರಿಯ ತೇರು ಎಳೆದ ದಿನ ಕುಳಿತರೆ, ಮನೆಯವರಾರೂ ಆ ನೆಟ್ಟಿನಲ್ಲಿ ಒಂದು ವಿಡಿಯೋವನ್ನೂ ನೋಡದಿದ್ದ ಪಕ್ಷದಲ್ಲಿ, ನೂರಕ್ಕೂ ಮಿಕ್ಕ ದಿನಗಳ ತಪಸ್ಸಿನ ಕೊನೆಗೆ ಬೇಸಿಗೆಯ ಬಿಸಿಲಿನಲ್ಲಿ ಅವನಿಗೆ ಆಟದ ಸಾಕ್ಷಾತ್ಕಾರವಾಗುವುದು. ಆಗ ಹೊಸ ಅಪ್‌ಡೇಟ್ ಬಂದಿದೆಯೆಂಬ ಸೂಚನೆ ತೆರೆಯ ಮೇಲೆ ಮೂಡುವುದು.

ಔದಾರ್ಯನಿಧಿಗಳೇ,

ಇಳಕಲ್ಲಿನ ಕುಣಿಮಗ್ಗದಲ್ಲಿ ಕುಳಿತ ನೇಕಾರನು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಅಣಿಮಾಡಿ, ಒಂದರ ಎಳೆಯ ಕುಣಿಕೆಯೊಳಗೆ ಇನ್ನೊಂದರ ಎಳೆಯನ್ನು ಕೋದು, ಟೋಪ ತೆನಿ ಎಂಬ ತನ್ನೂರಿನ ಕೈಚಳಕದಿಂದ ಎರಡನ್ನೂ ಒಂದುಮಾಡುವನು. ಕೆಂಪು ಸೆರಗು ಒಡಲಿಗೆ ಕೂಡಿದ ಮೇಲೆಯೇ ಸೀರೆ ಮಗ್ಗದಿಂದಿಳಿಯುವುದು, ಇಳಿದ ಮೇಲೆಯೇ ಅಂಗಡಿಗೆ ಹೋಗುವುದು. ಈ ಬಡಪಾಯಿಗೆ ವ್ಯಾಪಾರ ತಿಳಿಯದು. ಒಡಲನ್ನು ಇಂದು ಮಾರಿ, ಸೆರಗನ್ನು ಮುಂದಿನ ತಿಂಗಳು ಡಿಎಲ್‌ಸಿ ಎಂಬ ಹೆಚ್ಚುವರಿ ಕಂತೆಂದು ಬೇರೆ ಬೆಲೆಗೆ ಕೊಟ್ಟು, ದಡಿಯನ್ನು ಸೀಸನ್ ಪಾಸ್ ಪಡೆದವರಿಗೆ ಮಾತ್ರ ಕಾದಿರಿಸಿ, ನಡುವೆ ಎಲ್ಲಿಯಾದರೂ ಎಳೆ ಬಿಟ್ಟಿದ್ದರೆ ಉಟ್ಟವರೇ ಕಂಡುಹಿಡಿದು ತಿಳಿಸಬೇಕೆಂದು ವಿನಂತಿಸುವ ನಾಗರಿಕತೆಯನ್ನು ಲೋಕಕ್ಕೆ ಕಲಿಸಿದ ಪುಣ್ಯ ತಮ್ಮದು.

ಈ ವ್ರತದ ಆರಂಭವನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. 2006ರಲ್ಲಿ ಆಬ್ಲಿವಿಯನ್ ಎಂಬ ಆಟದ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದಾಗ ಲೋಕವು ನಕ್ಕಿತು. ಅಂದು ನಕ್ಕವರೇ ಇಂದು ಬಂದೂಕಿಗೆ ಬಣ್ಣ ಬಳಿಯಿಸಲು ಹಣ ತೆರುತ್ತಿದ್ದಾರೆ. ಇನ್ನು 2020ರ ಡಿಸೆಂಬರ್ 10ರಂದು, ವರ್ಷಗಟ್ಟಲೆಯ ಡಂಗುರದ ಬಳಿಕ, ಸೈಬರ್‌ಪಂಕ್ 2077 ಬಿಡುಗಡೆಯಾಯಿತು. ಹಳೆಯ ಪ್ಲೇಸ್ಟೇಷನ್ನುಗಳಲ್ಲಿ ಅದು ಎಂತಹ ಸ್ಥಿತಿಯಲ್ಲಿತ್ತೆಂದರೆ, ಎಂಟೇ ದಿನಗಳಲ್ಲಿ ಸೋನಿ ಕಂಪನಿಯು ಅದನ್ನು ತನ್ನ ಅಂಗಡಿಯಿಂದ ತೆಗೆದು, ಕೊಂಡವರಿಗೆ ಹಣ ಹಿಂದಿರುಗಿಸುವುದಾಗಿ ಸಾರಬೇಕಾಯಿತು. ಮುಂದೆ ವರ್ಷಗಳ ರಿಪೇರಿಯಿಂದ ಅದು ಒಳ್ಳೆಯ ಆಟವೇ ಆಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಅದರ ಪೂರ್ಣ ಬೆಲೆ ಕೊಟ್ಟು ಸಂಬಳವಿಲ್ಲದೆ ಪರೀಕ್ಷಕರ ಕೆಲಸ ಮಾಡಿದವರು ಮೊದಲ ದಿನ ಕೊಂಡವರೆಂಬುದನ್ನು ಮಾತ್ರ ದಾಖಲೆಗಾಗಿ ಹೇಳುತ್ತೇವೆ.

ದ್ಯೂತಕಲಾವಿಶಾರದರೇ,

ಹಳೆಯ ಜೂಜಿನಲ್ಲಿ ಹತ್ತು ಮಂದಿ ಸೋತರೂ ಒಬ್ಬನಾದರೂ ಹಣ ಗೆಲ್ಲುವ ದೋಷವಿತ್ತು. ತಮ್ಮ ಲೂಟ್ ಬಾಕ್ಸ್ ಆ ದೋಷವನ್ನು ನಿವಾರಿಸಿತು. ಪೆಟ್ಟಿಗೆಯೊಳಗೆ ಏನಿದೆಯೆಂದು ತಿಳಿಯದೆ ಹಣ ಕೊಡುವುದು, ತೆರೆದ ಮೇಲೆ ಬೇಡದ ಟೋಪಿಯೊಂದು ದೊರೆಯುವುದು, ಇನ್ನೊಂದು ಪೆಟ್ಟಿಗೆಗಾಗಿ ಮತ್ತೆ ಕೈಚಾಚುವುದು. 2017ರ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2 ಆಟದಲ್ಲಿ, ಪೂರ್ತಿ ಬೆಲೆ ಕೊಟ್ಟು ಕೊಂಡವರು ಕೂಡ ಡಾರ್ತ್ ವೇಡರನ ದರ್ಶನಕ್ಕೆ 60,000 ನಾಣ್ಯಗಳನ್ನು ಗಳಿಸಬೇಕಾಗಿತ್ತು. ಜನರು ರೊಚ್ಚಿಗೆದ್ದಾಗ ಇದು ಆಟಗಾರರಲ್ಲಿ ಹೆಮ್ಮೆಯನ್ನೂ ಸಾಧನೆಯ ಭಾವವನ್ನೂ ಹುಟ್ಟಿಸುವ ಉಪಾಯವೆಂದು ಕಂಪನಿಯು ಸಮಜಾಯಿಷಿ ಕೊಟ್ಟಿತು, ಆ ಒಂದು ಉತ್ತರಕ್ಕೆ ಆರು ಲಕ್ಷಕ್ಕೂ ಮಿಕ್ಕಿ ಜನರು ಅಸಮ್ಮತಿಯ ಗುಂಡಿ ಒತ್ತಿದರು. ಮರುವರ್ಷ ಬೆಲ್ಜಿಯಂ ದೇಶದ ಜೂಜು ಆಯೋಗವು ಕೆಲವು ಪ್ರಸಿದ್ಧ ಆಟಗಳ ಇಂತಹ ಪೆಟ್ಟಿಗೆಗಳನ್ನು ಜೂಜೆಂದೇ ತೀರ್ಮಾನಿಸಿತು.

ನಮ್ಮಲ್ಲಿಯೂ ಕಾನೂನಿಗೆ ಕೊರತೆಯಾಗಲಿಲ್ಲ. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ ಸರ್ಕಾರವು 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹೊಸ ಕಾಯ್ದೆಯಿಂದ ಅಂತಹ ಆಟಗಳನ್ನು ನಿಷೇಧಿಸಿತು. ತಾವಾದರೋ ಗೆದ್ದವನಿಗೂ ಹಣ ಕೊಡುವವರಲ್ಲ, ಆದುದರಿಂದ ಜೂಜೆಂಬ ಅಪವಾದ ತಮಗೆ ಅಂಟದೆಂದು ವಾದಿಸಬಲ್ಲಿರಿ. ಆ ವಾದಚಾತುರ್ಯಕ್ಕೂ ಒಂದು ಹಾರ ತರಿಸಿದ್ದೇವೆ. ಇಷ್ಟನ್ನು ಮಾತ್ರ ತಾವು ತಿಳಿದಿರಬೇಕು: ಇಳಕಲ್ಲಿನ ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ, ಕಾಸು ಬೇಡದೆ ಕಾಳು ಬೇಡದೆ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದವರು, ಅವರ ಹುಟ್ಟುಹಬ್ಬವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಬೀಡಿ, ಸೆರೆ, ಗುಟ್ಕಾಗಳು ಬಿದ್ದ ಆ ಜೋಳಿಗೆಯಲ್ಲಿ ತಮ್ಮ ಪೆಟ್ಟಿಗೆಗೂ ಸ್ಥಳವಿದೆ.

ಕಾಯಕಪ್ರವರ್ತಕರೇ,

ಬಸವಣ್ಣನವರು ಐಕ್ಯರಾದ ಕೂಡಲಸಂಗಮವಿರುವ ಹುನಗುಂದದ ಸೀಮೆಗೆ ಕಾಯಕದ ಉಪದೇಶ ಮಾಡಲು ಯಾರಿಗೂ ಧೈರ್ಯವಾಗಲಾರದು, ತಮಗಾಯಿತು. ದುಡಿದು ದಣಿದವನು ಆಡಲು ಕುಳಿತರೆ ಆಟವನ್ನೇ ದುಡಿಮೆಯನ್ನಾಗಿಸಿ, ನಿತ್ಯವೂ ಹಾಜರಿ ಹಾಕಬೇಕೆಂದೂ, ಒಂದು ದಿನ ತಪ್ಪಿದರೆ ಏಳು ದಿನಗಳ ಗಳಿಕೆ ಹೋಯಿತೆಂದೂ ವಿಧಿಸಿ, ಕೂಲಿಯನ್ನು ಮಾತ್ರ ಆಡುವವನಿಂದಲೇ ವಸೂಲುಮಾಡುವ ಪದ್ಧತಿಯನ್ನು ತಂದಿರಿ. ಮಗ್ಗದ ಸದ್ದಿನ ಮನೆಗಳಲ್ಲಿ ಈಗ ಇಂತಹ ಮಾತುಗಳು ಕೇಳಿಬರುತ್ತವೆ:

“ಅಪ್ಪಾ, ಇವತ್ತು ಸೀಸನ್ ಮುಗೀತೈತ್ರಿ. ಒಂದು ನೂರು ರೂಪಾಯಿ ಹಾಕ್ರಿ.”

“ಮೊನ್ನೆ ಹಾಕಿದ್ದು ಏನಾತಲೇ?”

“ಅದು ಹೋದ ಸೀಸನ್ನಿಂದ್ರಿ.”

ಜೋಳದ ಹೊಲಕ್ಕೆ ವರ್ಷಕ್ಕೊಂದೋ ಎರಡೋ ಸುಗ್ಗಿ. ತಮ್ಮ ಪಂಚಾಂಗದಲ್ಲಿ ಋತುಗಳು ಎಷ್ಟಾದರೂ ಇವೆ, ಪ್ರತಿಯೊಂದರ ಸುಗ್ಗಿಯೂ ತಮ್ಮದೇ.

ಜಲಾಶಯಚಕ್ರವರ್ತಿಗಳೇ,

ಮುಳುಗಡೆಯೆಂದರೇನೆಂದು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಮುಳುಗಡೆಗೆ ನೋಟೀಸು ಬಂದಿತು, ಅಳತೆಯಾಯಿತು, ಪರಿಹಾರಕ್ಕಾಗಿ ಅಲೆದಾಡಲು ಒಂದು ಕಚೇರಿಯಾದರೂ ಇದ್ದಿತು. 2014ರಲ್ಲಿ ಯೂಬಿಸಾಫ್ಟ್ ಕಂಪನಿಯು ಮಾರಿದ ದಿ ಕ್ರೂ ಎಂಬ ಕಾರೋಟದ ಆಟಕ್ಕೆ 2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಒಬ್ಬನೇ ಕುಳಿತು ಆಡಬೇಕೆಂದರೂ ಸರ್ವರಿನ ಅಪ್ಪಣೆ ಬೇಕಾಗಿದ್ದ ಕಾರಣ, ಹಣ ಕೊಟ್ಟು ಕೊಂಡವರ ಕೈಯಲ್ಲಿ ಡಿಸ್ಕು ಉಳಿದು ಆಟ ಅಳಿಯಿತು. ತಾವು ಮಾರಿದ್ದು ಆಟವನ್ನಲ್ಲ, ಆಡುವ ಅನುಮತಿಯನ್ನು ಮಾತ್ರವೆಂದು ನಮಗೆ ಆಗ ಅರ್ಥವಾಯಿತು. ಇದನ್ನು ತಾವು ಕರಾರಿನಲ್ಲಿ ಮೊದಲೇ ಬರೆದಿದ್ದೀರೆಂಬುದು ಸತ್ಯ. ಹತ್ತಾರು ಪುಟಗಳ ಆ ಇಂಗ್ಲಿಷ್ ಕರಾರಿನ ಕೆಳಗೆ ಒಪ್ಪಿಗೆಯೆಂದು ಒತ್ತಿದವನು ಏಳನೆಯ ತರಗತಿಯ ಬಾಲಕನೆಂಬುದೂ ಅಷ್ಟೇ ಸತ್ಯ. ಇಂತಹ ಮುಳುಗಡೆಯನ್ನು ಪ್ರತಿಭಟಿಸಿ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಮನವಿಗೆ ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದಿವೆ. ಸಂತ್ರಸ್ತರ ಕಷ್ಟ ಸಂತ್ರಸ್ತರಿಗೇ ಗೊತ್ತು. ಅವರಿಗೆ ನವನಗರದ ನಮಸ್ಕಾರ.

ಸ್ಥಪತಿಪೋಷಕರೇ,

ಬಾದಾಮಿಯ ಸಮೀಪದ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದಾಗ, ಅದರ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಗೆ ತ್ರಿಭುವನಾಚಾರಿಯೆಂಬ ಬಿರುದು ಸಂದಿತು. ಅದನ್ನು ಆ ಗುಡಿಯ ಶಾಸನವೇ ಹೇಳುತ್ತದೆ. ತಮ್ಮ ಸಂಪ್ರದಾಯ ಇನ್ನೂ ಸಂಕ್ಷಿಪ್ತವಾದುದು. ಮೈಕ್ರೋಸಾಫ್ಟ್ ಸಂಸ್ಥೆಯು ಸುಮಾರು 6,900 ಕೋಟಿ ಡಾಲರಿಗೆ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯನ್ನು 2023ರ ಅಕ್ಟೋಬರಿನಲ್ಲಿ ಕೊಂಡಿತು, 2024ರ ಜನವರಿಯಲ್ಲಿ ತನ್ನ ಗೇಮ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳುಹಿಸಿತು, ಅದೇ ವರ್ಷದ ಮೇ ತಿಂಗಳಲ್ಲಿ, ಹೈ-ಫೈ ರಶ್ ಎಂಬ ಬಹುಪ್ರಶಂಸಿತ ಆಟವನ್ನು ಕೊಟ್ಟ ಸ್ಟುಡಿಯೋವನ್ನೇ ಮುಚ್ಚುವುದಾಗಿ ಸಾರಿತು. ಗುಡಿ ಚೆನ್ನಾಗಿ ಬಂದಿದೆ, ನಾಳೆಯಿಂದ ಉಳಿ ಹಿಡಿದು ಬರಬೇಡಿ ಎಂಬ ಈ ರಾಜಮರ್ಯಾದೆ ಚಾಲುಕ್ಯರಿಗೆ ಹೊಳೆದಿರಲಿಲ್ಲ. ಆಟ ಕಟ್ಟುವ ಕಸುಬು ನಮಗೆ ದೂರದ್ದೂ ಅಲ್ಲ. ನಮ್ಮ ಜಿಲ್ಲೆಯು ವಿಜಾಪುರದಿಂದ ಬೇರೆಯಾಗಿ ಹುಟ್ಟಿದ 1997ರಲ್ಲಿಯೇ ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೋ ಹುಟ್ಟಿ, ವಿದೇಶಿ ಆಟಗಳಿಗೆ ಚಿತ್ರ ಬರೆದು ಬೆಳೆದು, 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಈ ಕಸುಬಿನಲ್ಲಿ ಕನ್ನಡದ ಮಕ್ಕಳೂ ಇದ್ದಾರೆ. ನಾವು ದೂರುವುದು ಉಳಿ ಹಿಡಿದವರನ್ನಲ್ಲ.

ತಮ್ಮ ಕುಲದಲ್ಲಿ ಸತ್ಪುರುಷರೇ ಇಲ್ಲವೆಂದರೆ ಅನ್ಯಾಯವಾದೀತು. ಎರಿಕ್ ಬರೋನ್ ಎಂಬೊಬ್ಬನೇ ವರ್ಷಗಟ್ಟಲೆ ಕುಳಿತು, ಚಿತ್ರ, ಸಂಗೀತ, ಕಥೆಗಳೆಲ್ಲವನ್ನೂ ತಾನೇ ರಚಿಸಿ, 2016ರಲ್ಲಿ ಸ್ಟಾರ್ಡ್ಯೂ ವ್ಯಾಲಿಯೆಂಬ ಬೇಸಾಯದ ಆಟವನ್ನು ಪೂರ್ಣಗೊಳಿಸಿ ಮಾರಿದನು. ಆಮೇಲೆ ಸೇರಿಸಿದುದನ್ನು ಉಚಿತವಾಗಿ ಕೊಟ್ಟನು. ಹಾಗೆ ಮಾಡಿ ದಿವಾಳಿಯಾಗಲಿಲ್ಲ, ಕೋಟಿಗಟ್ಟಲೆ ಪ್ರತಿಗಳನ್ನು ಮಾರಿದನು. ಪೂರ್ಣವಾದುದನ್ನು ಕೊಟ್ಟರೆ ವ್ಯಾಪಾರ ಕೆಡುವುದೆಂಬ ತಮ್ಮ ಭಯಕ್ಕೆ ಇದು ಉತ್ತರ.

ಬಿರುದಾಂಕಿತರೇ,

ತಮಗೆ ಅಪೂರ್ಣಶಿಲ್ಪಿ, ಋತುಗ್ರಾಹಕ, ಪೇಟಿಕಾಪ್ರಪಂಚಭೈರವ ಎಂಬ ಮೂರು ಬಿರುದುಗಳನ್ನು ಅರ್ಪಿಸುತ್ತಿದ್ದೇವೆ. ಮೊದಲನೆಯದನ್ನು ಈಗಲೇ ಬಳಸಬಹುದು. ಉಳಿದೆರಡು ಲಾಕ್ ಆಗಿವೆ. ಹೊದಿಸುವ ಶಾಲು ಇಂದು ಬಂದಿದೆ, ಅದರ ಅಂಚು ದೀಪಾವಳಿಯ ಹೊತ್ತಿಗೆ ಬರುವುದು. ಫಲತಾಂಬೂಲದ ಪೆಟ್ಟಿಗೆಯಲ್ಲಿ ಅಮೀನಗಡದ ಕರದಂಟು ಇರಬಹುದು, ಇರದೆಯೂ ಇರಬಹುದು. ಇರದಿದ್ದರೆ ಇನ್ನೊಂದು ಪೆಟ್ಟಿಗೆಯನ್ನು ತಾವು ಹಣ ಕೊಟ್ಟು ಕೊಳ್ಳಲು ಅವಕಾಶವಿದೆ.

ಕೊನೆಯಲ್ಲಿ ನಗೆಯನ್ನು ಬದಿಗಿರಿಸಿ ನಾಲ್ಕು ಬಿನ್ನಹಗಳು. ಮುಗಿದ ಮೇಲೆ ಮಾರಿರಿ. ಮಾರಿದುದನ್ನು ಹಿಂದಕ್ಕೆ ಕಿತ್ತುಕೊಳ್ಳಬೇಡಿ. ಸರ್ವರ್ ನಿಲ್ಲಿಸುವ ದಿನ ಬಂದರೆ, ಅದಿಲ್ಲದೆಯೂ ಆಡುವ ದಾರಿಯನ್ನು ಬಿಟ್ಟುಹೋಗಿರಿ. ಬೆಲೆಯನ್ನು ಪೆಟ್ಟಿಗೆಯೊಳಗೆ ಮುಚ್ಚಿಡದೆ ರೂಪಾಯಿಯಲ್ಲಿ ಹೇಳಿರಿ. ಇವು ಉಪಕಾರದ ಬೇಡಿಕೆಗಳಲ್ಲ. ಸಂತೆಯಲ್ಲಿ ಕುಳಿತ ಯಾವ ವ್ಯಾಪಾರಿಯಾದರೂ ನಡೆಸುವ ಧರ್ಮ.

ಸಭಿಕ ಬಂಧುಗಳೇ, ಮಹಾಶಯರು ಇನ್ನೂ ಬಂದಿಲ್ಲವಾದ ಕಾರಣ ಈ ಮಾತು ತಮಗೆ. ಬಿಡುಗಡೆಯಾಗದ ಆಟಕ್ಕೆ ಮುಂಗಡ ಹಣ ಕೊಡಬೇಡಿ. ಬಿಡುಗಡೆಯಾದ ಮೇಲೆಯೂ ಒಂದು ತಿಂಗಳು ಕಾದು, ಆಡಿದವರನ್ನು ಕೇಳಿ ಕೊಳ್ಳಿರಿ. ಮಕ್ಕಳ ಮೊಬೈಲಿನಲ್ಲಿ ಬ್ಯಾಂಕ್ ಕಾರ್ಡಿನ ವಿವರವನ್ನು ಉಳಿಸಿಡಬೇಡಿ. ಮನೆಗೆ ಹೋದೊಡನೆ ಇದೊಂದನ್ನು ಮೊದಲು ನೋಡಿರಿ.

ಇಂತು, ತಮ್ಮ ವಿಶ್ವಾಸಿಗಳಾದ
ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರಾಂತದ ಆಟಗಾರರು ಮತ್ತು ಪೋಷಕರು