ಎರಡು ಗುಡ್ಡ, ಒಬ್ಬ ಸೂರ್ಯ

ಶಾಲಾ ಮಕ್ಕಳ ಸ್ಪರ್ಧೆಗಳ ಹಬ್ಬವಾದ ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಲ್ಲಿ ಚಿಮ್ಮಿ, ತಾಲ್ಲೂಕು, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹರಿಯುತ್ತದೆ. ಕಂಠಪಾಠ, ಛದ್ಮವೇಷಗಳ ಗದ್ದಲದ ನಡುವೆ ಯಾವುದೋ ಕೊಠಡಿಯಲ್ಲಿ ಚಿತ್ರಕಲಾ ಸ್ಪರ್ಧೆಯೂ ನಡೆದುಬಿಡುತ್ತದೆ. ಅಲ್ಲಿ ಇಣುಕಿದರೆ ನಮ್ಮ ನಾಡಿನ ಭೂಗೋಳವೇ ಬೇರೆ. ವಿಜಯಪುರದ ಬಯಲಲ್ಲಿ ಬೆಳೆದ ಮಗುವೂ ಬರೆಯುವುದು ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಬಾಗಿದ ತೆಂಗಿನಮರ, ಪಕ್ಕದಲ್ಲಿ ಹೆಂಚಿನ ಮನೆ. ಸೂರ್ಯ ಕಡಲಲ್ಲಿ ಮುಳುಗುವುದನ್ನು ದಿನಾ ನೋಡುವ ಮಂಗಳೂರಿನ ಮಗುವೂ ಹಾಳೆಯ ಮೇಲೆ ಅವನನ್ನು ಗುಡ್ಡದ ಸಂದಿಗೇ ಸಿಕ್ಕಿಸುತ್ತದೆ.

ವಿಷಯ ಏನೇ ಕೊಡಿ, ದೃಶ್ಯ ಕದಲದು. ‘ಪರಿಸರ ಮಾಲಿನ್ಯ’ ಎಂದರೆ ಮನೆಯ ಹಿಂದೊಂದು ಹೊಗೆ ಕೊಳವೆ ಏಳುತ್ತದೆ. ‘ಸ್ವಾತಂತ್ರ್ಯೋತ್ಸವ’ ಎಂದರೆ ಅದೇ ಮನೆಯ ಮೇಲೆ ಬಾವುಟ. ‘ಚಂದ್ರಯಾನ’ ಕೊಟ್ಟು ನೋಡಿ, ರಾಕೆಟ್ ಹಾರುವುದೂ ಆ ತೆಂಗಿನಮರದ ಪಕ್ಕದಿಂದಲೇ!

ಕಿಟಕಿಯಾಚೆಯ ಸ್ಪರ್ಧೆ ಇನ್ನೂ ತುರುಸಿನದು. “ಹಸಿರು ಹಚ್ಚೋ, ಹಸಿರು!” ಎಂದು ಅಮ್ಮ ಸನ್ನೆ ಮಾಡುತ್ತಿದ್ದರೆ, ಅಪ್ಪ ಪಕ್ಕದ ಹುಡುಗಿಯ ಡಬ್ಬಿಯಲ್ಲಿ ಎಷ್ಟು ಬಣ್ಣಗಳಿವೆಯೆಂದು ಎಣಿಸುತ್ತಿರುತ್ತಾರೆ. ಆಮೇಲಿನ ಚಿತ್ರ ಪ್ರದರ್ಶನದಲ್ಲೋ, ಎಲ್ಲರೂ ತಮ್ಮ ಮಗುವಿನ ಚಿತ್ರದ ಮುಂದೆ ಮಾತ್ರ ನಿಂತು, ಫೋಟೊ ತೆಗೆದು, ಹೊರಡುತ್ತಾರೆ.

ಉಡುಪಿ ಬಳಿಯ ಕಟ್ಟಿಂಗೇರಿಯ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರು 1911ರಲ್ಲೇ ಹುಟ್ಟಿದ್ದು ಒಳ್ಳೆಯದಾಯಿತು. ಬರೀ ಗೆರೆಗಳಲ್ಲಿ ಕುಣಿತವನ್ನು ಹಿಡಿದುಬಿಡುತ್ತಿದ್ದ ಅವರು ಈಗಿನ ಸ್ಪರ್ಧೆಗೆ ಬಂದಿದ್ದರೆ, “ಬಣ್ಣ ತುಂಬಿಲ್ಲ” ಎಂದು ಅಂಕ ಕಳೆಯುತ್ತಿದ್ದರೇನೋ.

ತೀರ್ಪುಗಾರರೇ, ಗುಡ್ಡವಿಲ್ಲದ ಚಿತ್ರವೊಂದು ಕಣ್ಣಿಗೆ ಬಿದ್ದರೆ ದಯವಿಟ್ಟು ಸಮಾಧಾನಕರ ಬಹುಮಾನವನ್ನಾದರೂ ಕೊಡಿ.